ನಾ ಬರೂತನಕ ಹಚ್ಚಬ್ಯಾಡ್ರಿ

ತನ್ನದೇ ದನಿ ಪೊಲೀಸರ ಫೋನಿನಿಂದ ಹೊರಗೆ ಬಂದಾಗ ಇಜಾಜ ಫೋನಿನ ಕಡೆ ಬಗ್ಗಿದ.

"ನಾಳೆ ಬಂದು ನಾನೇ ಹಚ್ಚತೀನಿ. ಹಚ್ಚಿದ ಮ್ಯಾಲ ನೋಡ್ರಿ, ನಿಮ್ಮ ವಿಮಾನ ಹೆಂಗ ಹಾರತದ."

ಅದು ಮೊನ್ನೆ ಅವನು ತನ್ನ ಗಿರಾಕಿ ವಸಿಷ್ಠನಿಗೆ ಕಳಿಸಿದ್ದ ಸಂದೇಶ. ಸಬ್ ಇನ್ಸ್‌ಪೆಕ್ಟರ್ ನೇತ್ರಾ ಫೋನನ್ನು ಅಲ್ಲಿಗೇ ನಿಲ್ಲಿಸಿದಳು. ಇನ್ನೊಂದು ಕೈಯಲ್ಲಿದ್ದ ಕಾಗದ ನೋಡಿಕೊಂಡು ಅದೇ ಮಾತನ್ನು ಹಿಂದಿಯಲ್ಲಿ ಓದಿದಳು. 'ಕಲ್ ಆಕರ್ ಮೈ ಖುದ್ ಆಗ್ ಲಗಾವೂಂಗಾ. ಉಸ್ಕೇ ಬಾದ್ ದೇಖನಾ, ತೇರಾ ಪ್ಲೇನ್ ಕೈಸೇ ಉಡ್ತಾ ಹೈ.'

ಆಗ್. ಬೆಂಕಿ.

ನಿನ್ನೆ ಮೂರು ಗಂಟೆಯಿಂದ ಅವನನ್ನು ಠಾಣೆಯಲ್ಲಿ ಕೂರಿಸಿಕೊಂಡದ್ದು ಯಾಕೆಂದು ಇಜಾಜನಿಗೆ ಈಗ ಗೊತ್ತಾಯಿತು. ಒಂದು ಶಬ್ದಕ್ಕೆ. ಅವನ ಅವ್ವ ದಿನಕ್ಕೆ ಇಪ್ಪತ್ತು ಸಲ ಆಡುವ ಒಂದು ಶಬ್ದಕ್ಕೆ.

ಅವರು ನಿಂತಿದ್ದದ್ದು ಪರೇಲಿನ ಹಳೇ ಬಿಲ್ಡಿಂಗೊಂದರ ಎರಡನೇ ಮಾಳಿಗೆಯಲ್ಲಿ, ವಸಿಷ್ಠನ ಕೋಣೆಯಲ್ಲಿ. ಗೋಡೆ ಅರ್ಧದವರೆಗೆ ಕಪ್ಪಾಗಿತ್ತು. ಪರದೆಯ ಬಟ್ಟೆ ಕರಗಿ ಕಿಟಕಿಯ ಸರಳಿಗೆ ಅಂಟಿಕೊಂಡಿತ್ತು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ, ಚುಕ್ಕಾಣಿಯಂಥ ಹಿಡಿಕೆ ಮೇಜಿನ ಮೇಲೆ ಹಾಗೇ ಇತ್ತು. ಅದನ್ನು ಹಿಡಿದು ಕೂತಿದ್ದ ವಸಿಷ್ಠ ಮಾತ್ರ ಆಸ್ಪತ್ರೆಯಲ್ಲಿದ್ದ. ಏಸಿಗಾಗಿ ಬಾಗಿಲು ಮುಚ್ಚಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾರಿಸುತ್ತಿದ್ದವನ ಎದೆಯೊಳಗೆ ಹೊಗೆ ಹೋಗಿತ್ತು. ಇನ್ನೂ ಕಣ್ಣು ತೆರೆದಿರಲಿಲ್ಲ.

"ಈ ಹಿಂದಿ ಯಾರು ಬರದಾರ್ರಿ ಮೇಡಂ?"

ನೇತ್ರಾ ಬಾಗಿಲ ಕಡೆ ನೋಡಿದಳು. ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಹಿರಿಯಣ್ಣ ನಿಂತಿದ್ದರು. ವಸಿಷ್ಠನ ತಂದೆ. ತುಮಕೂರಿನ ಕಡೆಯವರು. ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಕಾಗದ ಬರೆದವರು. ನೇತ್ರಾಳ ತಾಯಿ ಉಡುಪಿಯವಳಾದರೂ ಅವಳು ಹುಟ್ಟಿ ಬೆಳೆದದ್ದು ದಾದರಿನಲ್ಲಿ. ಕನ್ನಡ ಕಿವಿಗೆ ಬೀಳುತ್ತಿತ್ತು, ಬಾಯಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಓದಲಿಕ್ಕಂತೂ ಬಾರದು. ಹಾಗಾಗಿ ಠಾಣೆಯಲ್ಲಿ ಕೂತು ಅನುವಾದ ಮಾಡಿಕೊಟ್ಟವರು ಈ ಹಿರಿಯರೇ.

ಇಜಾಜ ನೇತ್ರಾಳ ಕಡೆ ತಿರುಗಿದ.

"ನಮ್ಮ ಕಡೆ ಫ್ಯಾನ್ ಹಚ್ಚತೀವ್ರಿ ಮೇಡಂ. ಫೋನ್ ಹಚ್ಚತೀವಿ. ಗೋಡೆಗೆ ಮೊಳಿ ಹಚ್ಚತೀವಿ. ನಮ್ಮವ್ವ ನನ್ನ ಸಾಲಿಗೂ ಹಚ್ಚಿದ್ಲು. ಬೆಂಕಿ ಹಚ್ಚಿದ್ಲೇನ್ರಿ? ಕೂಡ್ಸೋದಕ್ಕ ಹಚ್ಚೋದು ಅಂತೀವಿ. ನಾ ಹೇಳಿದ್ದು ಕಂಪ್ಯೂಟರಿನೊಳಗ ಪ್ರೊಸೆಸರ್ ಕೂಡಸ್ತೀನಿ ಅಂತ."

ನೇತ್ರಾಳ ಹುಬ್ಬು ಗಂಟಾಯಿತು. ಅವಳು ಹಿರಿಯಣ್ಣನವರನ್ನು ಕೇಳಿದಳು, ಇದು ನಿಜವೇ ಎಂದು. ನಮ್ಮ ಕಡೆ ಹಚ್ಚೋದು ಅಂದರೆ ದೀಪ ಇಲ್ಲವೇ ಬೆಂಕಿ, ಈ ಗುಲ್ಬರ್ಗಾ ಭಾಷೆಯೆಲ್ಲ ತನಗೆ ಹೇಗೆ ತಿಳಿಯಬೇಕು ಎಂದರು ಅವರು. ಹಾಗೆಂದವರು ಸುಮ್ಮನಾಗಲಿಲ್ಲ. ಶಬ್ದ ಏನೇ ಇರಲಿ, ನನ್ನ ಮಗನ ಕೋಣೆ ಸುಟ್ಟದ್ದು ಇವನು ಕೂರಿಸಿದ ಪ್ರೊಸೆಸರೇ ತಾನೆ, ಎಂಟನೇ ಕ್ಲಾಸು ದಾಟದವನ ಕೈಗೆ ಇಂಥ ಯಂತ್ರ ಕೊಟ್ಟದ್ದೇ ತಪ್ಪು ಎಂದರು.

ಎಂಟನೇ ಕ್ಲಾಸು. ಆ ಮಾತು ಯಾವಾಗ ಬಂದೀತೆಂದು ಇಜಾಜ ಕಾಯುತ್ತಲೇ ಇದ್ದ. ಬಂತು. ಆಂಟಾಪ್ ಹಿಲ್ಲಿನ ಕೊಳೆಗೇರಿಯಿಂದ ಬಂದವನು ಯಾವ ಮನೆಯ ಕಂಪ್ಯೂಟರ್ ಬಿಚ್ಚಿದರೂ ಹಿಂದಿನಿಂದ ಆ ಮಾತು ಬರುತ್ತದೆ. ಸರಿಹೋದರೆ ಅದೃಷ್ಟ, ಕೆಟ್ಟರೆ ಎಂಟನೇ ಕ್ಲಾಸು.

ವಸಿಷ್ಠ ಒಬ್ಬನೇ ಹಾಗೆ ಅಂದಿರಲಿಲ್ಲ. ಪೈಲಟ್ ಕೆಲಸಕ್ಕೆ ಆಯ್ಕೆಯ ಪರೀಕ್ಷೆ ಬರುವ ವಾರವಿತ್ತು. ಮನೆಯಲ್ಲೇ ದಿನಕ್ಕೆ ಆರು ತಾಸು ವಿಮಾನ ಹಾರಿಸುತ್ತಿದ್ದ. ಸಮುದ್ರದ ಮೇಲೆ ಎಲ್ಲ ಸರಿ, ಮುಂಬಯಿಗೆ ಇಳಿಯುವಾಗ ಮಾತ್ರ ಚಿತ್ರ ತಡವರಿಸುತ್ತಿತ್ತು. ಅಷ್ಟೊಂದು ಮನೆ, ಅಷ್ಟೊಂದು ತಗಡು ಒಮ್ಮೆಗೇ ಬಿಡಿಸಬೇಕಲ್ಲ. ಪ್ರೊಸೆಸರಿನೊಳಗೆ ಹತ್ತು ಎತ್ತು ಕಟ್ಟಿದ್ದರೂ ಒಂದೇ ಎತ್ತು ಎಳೆಯುವ ಬಂಡಿ ಅದು, ಆ ಒಂದನ್ನು ಓಡಿಸಬೇಕು ಎಂದು ಇಜಾಜ ಹೇಳಿದ್ದ. ಹೊಸ ಪ್ರೊಸೆಸರ್ ತರಿಸಿ, ಕಂಪನಿ ಇಟ್ಟದ್ದಕ್ಕಿಂತ ವೇಗ ಏರಿಸಿ ಕೊಡುವುದೆಂದು ಮಾತಾಗಿತ್ತು. ಸೋಮವಾರ ಕೂರಿಸಿದ ದಿನ ವಸಿಷ್ಠ ಅವನನ್ನೇ ಕುರ್ಚಿಗೆ ಕೂರಿಸಿ, ಮೋಡದ ಕೆಳಗೆ ಇಳಿಸಿ, ಆಂಟಾಪ್ ಹಿಲ್ಲಿನ ಮೇಲೆ ಒಂದು ಸುತ್ತು ಹೊಡೆಸಿದ್ದ. ಅಗೋ ನಿಮ್ಮನೆ ಎಂದಿದ್ದ. ಅಷ್ಟರಲ್ಲಿ ಯಂತ್ರ ಆರಿಹೋಗಿತ್ತು.

"ಮೇಡಂ, ಪ್ರೊಸೆಸರ್ ಹೊತ್ತಿ ಉರಿಯಂಗಿಲ್ರಿ," ಅಂದ ಇಜಾಜ. "ಕಾಯ್ತು ಅಂದ್ರ ತಾನೇ ಬಂದ್ ಆಗ್ತದ. ಮ್ಯಾಲ ಈ ಮಷೀನಿನೊಳಗ ನನ್ನ ಪ್ರೊಸೆಸರೇ ಇಲ್ಲ. ಬಿಚ್ಚಿ ನೋಡ್ರಿ. ಆ ಜಾಗಾ ಖಾಲಿ ಅದ."

ನಿನ್ನೆಯಿಂದ ಅವನು ಇದನ್ನೇ ಹೇಳುತ್ತಿದ್ದ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಯಂತ್ರ ಆರಿಹೋದದ್ದಕ್ಕೆ ಕಾರಣ ಎರಡಿದ್ದವು. ಪ್ರೊಸೆಸರಿನ ಮೇಲಿನ ತಗಡು ಸಮ ಇರಲಿಲ್ಲ, ಅದನ್ನು ತಣ್ಣಗಿಡುವ ಕೂಲರಿಗೆ ಪೂರ್ತಿ ತಾಗುತ್ತಿರಲಿಲ್ಲ. ಕರೆಂಟು ಹಂಚುವ ಡಬ್ಬಿ, ಅಂಗಡಿಯವರು ಎಸ್‌ಎಂಪಿಎಸ್ ಅನ್ನುವುದು, ಹಳೆಯದಾಗಿತ್ತು. ಅಷ್ಟು ಭಾರ ಅದು ಹೊರಲಾರದು. ಸೋಮವಾರವೇ ಪ್ರೊಸೆಸರ್ ಕಳಚಿಕೊಂಡು ಮನೆಗೆ ಒಯ್ದಿದ್ದ. ಮೊದಲಿದ್ದದ್ದು ಆಗಲೇ ಮಾರಿಹೋಗಿತ್ತು. ನಿನ್ನೆ ಮೂರಕ್ಕೆ ಅದನ್ನೂ ಹೊಸ ಡಬ್ಬಿಯನ್ನೂ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ಎದುರಿಗೆ ಹೊಗೆ, ಪೊಲೀಸರು.

ನೇತ್ರಾ ಗಡಿಯಾರ ನೋಡಿಕೊಂಡಳು. ಇನ್ನೆರಡು ತಾಸಿನಲ್ಲಿ ಇವನ ಹೆಸರನ್ನು ಕೇಸಿನಲ್ಲಿ ಬರೆಯಬೇಕು, ಇಲ್ಲವೇ ಬಿಡಬೇಕು. ಅವಳು ಇಜಾಜನ ಕೈಗೆ ಗ್ಲೌಸ್ ಕೊಟ್ಟಳು. ಫೋಟೋ ತೆಗೆಯುವ ಕಾನ್‌ಸ್ಟೇಬಲ್ ಪಕ್ಕಕ್ಕೆ ಬಂದ.

ಕಂಪ್ಯೂಟರ್ ಕ್ಯಾಬಿನೆಟ್ಟಿನ ಹಿಂಬದಿ ಸುಟ್ಟು ಕರಕಲಾಗಿತ್ತು. ಕರೆಂಟಿನ ಡಬ್ಬಿ ಸಿಡಿದದ್ದು ಅಲ್ಲಿ. ಅಲ್ಲಿಂದ ಪರದೆಗೆ, ಪರದೆಯಿಂದ ಹಾಸಿಗೆಗೆ. ಮುಂದಿನ ಭಾಗಕ್ಕೆ ಮಸಿ ಮೆತ್ತಿತ್ತು, ಅಷ್ಟೆ. ಇಜಾಜ ಕೂಲರಿನ ನಾಲ್ಕು ಸ್ಕ್ರೂ ಸಡಿಲಿಸಿ, ಅತ್ತ ಇತ್ತ ಅಲ್ಲಾಡಿಸಿ ಮೇಲೆತ್ತಿದ.

ಎತ್ತಿದವನು ಹಾಗೇ ನಿಂತ.

ಆ ಜಾಗ ಖಾಲಿ ಇರಲಿಲ್ಲ. ಬೂದು ಬಣ್ಣದ ಪೇಸ್ಟ್ ಮೆತ್ತಿಕೊಂಡು ಅಲ್ಲೊಂದು ಪ್ರೊಸೆಸರ್ ಕೂತಿತ್ತು.

"ಖಾಲಿ ಬೋಲಾ ಥಾ ನಾ?" ನೇತ್ರಾಳ ದನಿ ಮೆತ್ತಗಿತ್ತು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. "ಎಂಥದು ಇದು?"

ಹಿರಿಯಣ್ಣ ಒಂದು ಹೆಜ್ಜೆ ಒಳಗೆ ಬಂದರು. ಇಜಾಜ ಮತ್ತೆ ಬಗ್ಗಿ ನೋಡಿದ. ಸೋಮವಾರ ತನ್ನ ಕೈಯಿಂದಲೇ ತೆಗೆದದ್ದು. ತೆಗೆದು, ಪೊರೆಯಂಥ ಕಾಗದದಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡು ಲೋಕಲ್ ಹತ್ತಿದ್ದು. ತನಗೇ ತಲೆ ಕೆಟ್ಟಿತೇ ಅನ್ನಿಸಿತು.

ಬೆರಳಿಗೆ ಬಟ್ಟೆ ಸುತ್ತಿ ಪೇಸ್ಟನ್ನು ಒರೆಸಿದ. ಬೂದು ಪದರ ಸರಿದು ಕೆಳಗಿನ ತಗಡು ಹೊಳೆಯಿತು. ಅದರ ಮೇಲೆ ಸಣ್ಣ ಅಕ್ಷರ. ಕಂಪನಿಯ ಹೆಸರು, ನಂಬರು, ಮತ್ತೊಂದು ಸಾಲು.

ಇಜಾಜ ಉಸಿರು ಬಿಟ್ಟ.

"ಮೇಡಂ, ನನ್ನ ಚೀಲ ನಿಮ್ಮ ಹತ್ರ ಅದ. ಅದರೊಳಗ ಒಂದು ಸಣ್ಣ ಡಬ್ಬಿ. ತರಸ್ರಿ."

ಚೀಲ ಕೆಳಗೆ ಜೀಪಿನಲ್ಲೇ ಇತ್ತು. ಡಬ್ಬಿ ತೆರೆದಾಗ ಒಳಗಿದ್ದ ಪ್ರೊಸೆಸರ್ ಕನ್ನಡಿಯಂತಿತ್ತು. ನೇತ್ರಾಳ ಮೂಗು ಅದರಲ್ಲಿ ಕಾಣಿಸಿತು. ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ.

ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು, ನೀರು ಹನಿಸಿ, ಎರಡು ದಿನ ಉಜ್ಜಿದ್ದೇನೆ ಎಂದು ಅವನು ವಿವರಿಸಿದ. ತಗಡು ಸಮವಾಗಬೇಕಾದರೆ ಮೇಲಿನ ಹೆಸರು ಹೋಗಲೇಬೇಕು. ಹೆಸರು ಹೋದರೆ ಕಂಪನಿ ವಾರಂಟಿ ಕೊಡುವುದಿಲ್ಲ, ಅದಕ್ಕೇ ಹೆಚ್ಚಿನವರು ಹೀಗೆ ಉಜ್ಜುವುದಿಲ್ಲ. ವಸಿಷ್ಠನನ್ನು ಕೇಳಿ, ಅವನು ಹೂಂ ಅಂದ ಮೇಲೆಯೇ ಉಜ್ಜಿದ್ದು.

"ನಂದು ಹೆಸರಿಲ್ಲದ್ದು. ಇದರ ಮ್ಯಾಲ ಹೆಸರದ. ನಾ ತಗದ ಮ್ಯಾಲ ಬ್ಯಾರೆ ಯಾರೋ ಬಂದು ಇದನ್ನ ಕೂಡ್ಸ್ಯಾರ. ಹಳೇ ಕರೆಂಟ್ ಡಬ್ಬಿ ಮ್ಯಾಲ ಕೂಡ್ಸಿ, ವೇಗ ಏರಿಸಿ ಚಾಲೂ ಮಾಡ್ಯಾರ."

ನೇತ್ರಾ ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಫೋನ್ ತೆಗೆದು, ಅವನ ಸಂದೇಶವನ್ನು ಮೊದಲಿನಿಂದ ಕೇಳಿಸಿದಳು. ಈ ಸಲ ಎಲ್ಲೂ ನಿಲ್ಲಿಸಲಿಲ್ಲ.

"ವಸಿಷ್ಠ ಭಾಯ್, ನಾ ಬರೂತನಕ ನೀವು ಏನೂ ಹಚ್ಚಬ್ಯಾಡ್ರಿ. ನಾಳೆ ಬಂದು ನಾನೇ ಹಚ್ಚತೀನಿ..."

ಅವಳು ಕಾಗದ ನೋಡಿದಳು, ಫೋನ್ ನೋಡಿದಳು. ಇನ್ನೊಂದು ಸಲ ಹಾಕಿದಳು. ಬೆರಳು ಮಡಚಿ ಎಣಿಸಿದಳು.

"ಅಂಕಲ್, ಇವ್ನು ಹೇಳಿದ್ದು ಮೂರು ಮಾತು. ನೀವು ಬರೆದದ್ದು ಎರಡೇ. ಪೆಹಲಾ ವಾಲಾ ಕಹಾಂ ಗಯಾ, ಮೊದಲಿನದ್ದು?"

ಹಿರಿಯಣ್ಣ ಕಾಗದದಿಂದ ಮುಖ ತಿರುಗಿಸಿದರು.

"ನಾ ಬರೂತನಕ ಬೇಡ, ಅಂತ ಹೇಳಿದಾನೆ. ಬೆಂಕಿ ಇಡೋನು ಯಾರಾದ್ರೂ ಹಾಗೆ ಹೇಳ್ತಾನಾ, ನಾನು ಬರೋವರೆಗೆ ನೀವು ಬೆಂಕಿ ಇಡ್ಬೇಡಿ ಅಂತ? ಇದು ನಿಮಗೆ ಅರ್ಥ ಆಗಿತ್ತು. ಅದಕ್ಕೇ ಬಿಟ್ಟಿದ್ದು."

ಇಜಾಜ ಹಿರಿಯರ ಮುಖ ನೋಡಿದ. ಬಯ್ಯಬೇಕೆಂದು ಬಾಯಿ ತೆರೆದಿದ್ದ. ಆದರೆ ಆ ಮುಖ ಕುಸಿಯುತ್ತಿತ್ತು. ಅವರು ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತರು. ಅಂಗೈಗೆ ಮಸಿ ಹತ್ತಿದ್ದೂ ತಿಳಿಯಲಿಲ್ಲ.

ನಿನ್ನೆ ಮಧ್ಯಾಹ್ನ ತಾವು ಬ್ಯಾಂಕಿನಲ್ಲಿದ್ದಾಗ ಮಗ ಫೋನ್ ಮಾಡಿದ್ದನೆಂದು ಹೇಳಿದರು. ಇಜಾಜನ ಅಂಗಡಿಯಿಂದ ಯಾರೋ ಬಂದಿದ್ದಾರೆ, ಪ್ರೊಸೆಸರ್ ಕೂರಿಸಿದ್ದಾರೆ, ಆದರೆ ಇಜಾಜ ತಾನು ಬರುವವರೆಗೆ ಬೇಡ ಅಂದಿದ್ದಾನೆ, ಏನು ಮಾಡಲಿ ಎಂದು ಕೇಳಿದ್ದ. ಆ ಸಂದೇಶವನ್ನೂ ಕೇಳಿಸಿದ್ದ.

"ನಾನು ಅಂದೆ, ಆನ್ ಮಾಡೋ ಅಂತ. ಪರೀಕ್ಷೆ ಬರೋ ವಾರ ಇದೆ, ಆ ಎಂಟನೇ ಕ್ಲಾಸಿನವನಿಗೆ ಏನು ಗೊತ್ತು, ಆನ್ ಮಾಡು ಅಂದೆ." ಅವರು ತಲೆ ಎತ್ತಲಿಲ್ಲ. "ಅವನು ಅನುಮಾನಿಸ್ತಿದ್ದ ಕಣಯ್ಯ. ಇನ್ನೊಂದ್ಸಲ ಕೇಳ್ದ. ನಾನೇ ರೇಗಿಬಿಟ್ಟೆ."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಲೇ ಇತ್ತು.

ಇಜಾಜನಿಗೆ ಸಿಟ್ಟು ಬರಬೇಕಾಗಿತ್ತು. ಒಂದು ರಾತ್ರಿಯಿಡೀ ಕಬ್ಬಿಣದ ಬೆಂಚಿನ ಮೇಲೆ ಕೂರಿಸಿದವರು ಇವರು. ಮಗನಿಗೆ ತಾವೇ ಹೇಳಿದ್ದನ್ನು ಮುಚ್ಚಲಿಕ್ಕೆ ಇನ್ನೊಬ್ಬರ ಮಗನನ್ನು ಜೈಲಿಗೆ ತಳ್ಳಲು ಹೊರಟವರು. ಆದರೂ ಅವನ ತಲೆಯಲ್ಲಿ ಸಿಕ್ಕಿಕೊಂಡದ್ದು ಬೇರೆ ಮಾತು. ಇಜಾಜನ ಅಂಗಡಿಯಿಂದ ಯಾರೋ. ಅವನು ಯಾರನ್ನೂ ಕಳಿಸಿರಲಿಲ್ಲ. ಅವನ ಅಂಗಡಿಯಲ್ಲಿ ಅವನನ್ನು ಬಿಟ್ಟರೆ ಕೆಲಸದವರೇ ಇರಲಿಲ್ಲ.

ಬಂದವನು ಯಾರೆಂದು ನೇತ್ರಾ ಹಿರಿಯಣ್ಣನವರನ್ನು ಕೇಳುತ್ತಿದ್ದಳು. ಹಿರಿಯಣ್ಣ ಅವನನ್ನು ಕಂಡಿರಲಿಲ್ಲ, ದನಿಯನ್ನೂ ಕೇಳಿರಲಿಲ್ಲ. ಕಂಡವನು ವಸಿಷ್ಠ ಒಬ್ಬನೇ.

ಇಜಾಜ ಮತ್ತೆ ಯಂತ್ರದ ಕಡೆ ಬಗ್ಗಿದ. ಕೂರಿಸಿದವನು ಕೈಗೆಲಸ ಬಲ್ಲವನೇ. ಸ್ಕ್ರೂಗಳನ್ನು ಒಂದೇ ಹದದಲ್ಲಿ ಬಿಗಿದಿದ್ದ. ವೈರುಗಳು ಗಾಳಿಗೆ ಅಡ್ಡ ಬರದಂತೆ ಒಂದು ಬದಿಗೆ ಒತ್ತಿ ಕಟ್ಟಿದ್ದ. ಎಲ್ಲರೂ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟುವ ಜಾಗದಲ್ಲಿ...

ದಾರ. ಬಿಳಿ ಹತ್ತಿಯ ದಾರ, ಮಸಿ ಹಿಡಿದಿತ್ತು. ನಡುವೆ ಒಂದು ಗಂಟು. ಗೋಧಿ ಕಾಳಿನಷ್ಟು ಚಿಕ್ಕದು, ಚಪ್ಪಟೆ, ತುದಿಗಳನ್ನು ಗಂಟಿನ ಬುಡಕ್ಕೇ ಕತ್ತರಿಸಿದ್ದು.

ಇಜಾಜ ಗಂಟಿನ ಮಸಿಯನ್ನು ಬೆರಳಿನಿಂದ ಒರೆಸಿದ. ಮೇಜು ಹಿಡಿದುಕೊಂಡ.

ಆ ಗಂಟು ಗಿರಣಿಯದು. ಮಗ್ಗದ ಮೇಲೆ ನೂಲು ತುಂಡಾದಾಗ ಒಂದೇ ಕೈಯಿಂದ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಾಕುವ ಗಂಟು. ಇದೇ ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ ಹಾಜಿಮಲಂಗ ಎಂಬ ಗುಲ್ಬರ್ಗಾದ ಹುಡುಗ ಅದನ್ನು ಕಲಿತಿದ್ದ. ಗಿರಣಿ ಮುಚ್ಚಿದ ಮೇಲೆ ರೇಡಿಯೊ ರಿಪೇರಿ ಮಾಡಿದ, ಟೀವಿ ಮಾಡಿದ, ಕಂಪ್ಯೂಟರಿಗೆ ಬಂದ. ಕೈ ಮಾತ್ರ ಆ ಗಂಟನ್ನು ಬಿಡಲಿಲ್ಲ. ಶಾಲೆ ಬಿಟ್ಟು ಓಡಿ ಬಂದ ಇಜಾಜನನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವನು, ಪೆಟ್ಟು ಕೊಟ್ಟವನು, ಜ್ವರ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು. ಉಸ್ತಾದ್.

ಈ ಊರಿನಲ್ಲಿ ಕಂಪ್ಯೂಟರಿನೊಳಗೆ ಆ ಗಂಟು ಹಾಕುವವರು ಇಬ್ಬರೇ. ಒಬ್ಬರು ಉಸ್ತಾದ್. ಇನ್ನೊಬ್ಬ ತಾನು.

"ಏನು ನೋಡ್ತಾ ಇದ್ದಿ?" ನೇತ್ರಾ ಹತ್ತಿರ ಬಂದಿದ್ದಳು. "ಬಂದವ್ನು ಯಾರು, ಗೊತ್ತಾ ನಿಂಗೆ? ಹೆಸರು ಹೇಳಿದ್ರೆ ಈಗಲೇ ಮನೆಗೆ ಹೋಗ್ಬಹುದು."

ಹೇಳಿದರೆ ಮನೆಗೆ. ಹೇಳದಿದ್ದರೆ ಅದೇ ಗಂಟು ನಾಳೆ ತನ್ನ ಕೊರಳಿಗೆ. ಉಸ್ತಾದ್ ಬೆಂಕಿ ಇಡುವವರಲ್ಲ. ಹಳೇ ಡಬ್ಬಿ ಭಾರ ತಡೆಯದೆಂದು ಗೊತ್ತಾಗದವರೂ ಅಲ್ಲ. ಅದನ್ನು ಇಜಾಜನಿಗೆ ಕಲಿಸಿದವರೇ ಅವರು.

"ಗೊತ್ತಿಲ್ರಿ ಮೇಡಂ."

ಅವಳು ಅವನನ್ನು ದಿಟ್ಟಿಸಿದಳು. ಆಮೇಲೆ ಫೋನಿನಲ್ಲಿದ್ದ ಒಂದು ಫೋಟೋ ತೆರೆದು ಎದುರಿಗೆ ಹಿಡಿದಳು. ಕೆಳಗೆ ಗೇಟಿನಲ್ಲಿ ಬಂದವರು ಬರೆಯುವ ಪುಸ್ತಕದ ನಿನ್ನೆಯ ಹಾಳೆ. ಗೇಟಿನ ಕ್ಯಾಮೆರಾ ಕೆಟ್ಟು ತಿಂಗಳಾಗಿತ್ತು. ವಾಚ್‌ಮನ್ ದೂಜ ಆ ಹೊತ್ತಿಗೆ ಊಟಕ್ಕೆ ಹೋಗಿದ್ದನಂತೆ, ಬಂದವನು ತಾನೇ ಬರೆದು ಹೋಗಿದ್ದ. ಮೇಲೆ ಕೆಳಗೆ ಎಲ್ಲ ಮರಾಠಿ, ಇಂಗ್ಲಿಷು. ನಡುವೆ ಒಂದು ಸಾಲು ಮಾತ್ರ ಬೇರೆ ಲಿಪಿ.

"ಇದು ಕನ್ನಡ ಅಲ್ವಾ? ಅಂಕಿನೂ ಕನ್ನಡದ್ದೇ. ನಂಗೆ ಬರೋದಿಲ್ಲ. ಓದು."

ಉಸ್ತಾದರ ಅಕ್ಷರ. ಇಷ್ಟು ವರ್ಷ ಮುಂಬಯಿಯಲ್ಲಿದ್ದೂ ಅಂಕಿಯನ್ನು ಕನ್ನಡದಲ್ಲೇ ಬರೆಯುವವರು ಅವರೊಬ್ಬರೇ. ಇಜಾಜ ಹೆಸರಿನ ಜಾಗ ನೋಡಿದ.

ಇಜಾಜ, ಎಂದು ಬರೆದಿತ್ತು.

ಹಾಜಿಮಲಂಗ ಅಲ್ಲ. ಇಜಾಜ.

ಹೆಸರನ್ನು ಓದಿ ಹೇಳಿದ. ಅದು ತನ್ನ ಹೆಸರೇ ಹೌದು, ತಾನು ಬರೆದದ್ದಲ್ಲ ಎಂದ. ನೇತ್ರಾ ತಲೆಯಾಡಿಸಿದಳು, ಸಮಯ ಓದು ಎಂದಳು. ಒಳಗೆ ಬಂದದ್ದು ೧-೦೫. ಒಂದೂ ಐದು ಎಂದ.

"ಹೊರಗೆ ಹೋಗಿದ್ದು?"

೨-೨೦.

ಅಂಕಿ ಕಣ್ಣಿಗೆ ಬಿತ್ತು, ಅರ್ಥ ಇನ್ನೂ ತಲೆಗೆ ಇಳಿದಿರಲಿಲ್ಲ. ಬಾಯಿ ಅದಕ್ಕಿಂತ ಮುಂಚೆ ಆಡಿಬಿಟ್ಟಿತು. ತನ್ನ ಹೆಸರು ಉಳಿಯಲಿ ಎಂದೋ, ಉಸ್ತಾದ್ ಉಳಿಯಲಿ ಎಂದೋ, ಅವನಿಗೇ ತಿಳಿಯದು.

"ಒಂದೂ ಇಪ್ಪತ್ತು."

ನೇತ್ರಾ ಹಿರಿಯಣ್ಣನವರ ಕಡೆ ತಿರುಗಿ ಫೋನ್ ಚಾಚಿದಳು. ಅಂಕಲ್, ಸರಿ ಓದಿದನಾ ನೋಡಿ, ಎಂದಳು.

ಅವರು ನೋಡಲೇ ಇಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಿನ್ನೆ ಈ ಹುಡುಗನ ಮಾತನ್ನು ನಂಬದೆ ಹೋದೆ, ಅವನ ಮಾತನ್ನು ತಿದ್ದಿ ಬರೆದೆ, ಇನ್ನೊಮ್ಮೆ ಆ ಪಾಪ ಬೇಡ ಎಂದರು.

"ಅವನು ಓದಿದ್ದು ಸರಿಯಮ್ಮ. ಬರ್ಕೊಳ್ಳಿ."

ನೇತ್ರಾ ಬರೆದುಕೊಂಡಳು. ಹೊಗೆ ಕಂಡು ಪಕ್ಕದವರು ಬಾಗಿಲು ಒಡೆದದ್ದು ಎರಡೂವರೆಗೆ. ಗೋಡೆಯ ಗಡಿಯಾರ ಶಾಖಕ್ಕೆ ನಿಂತದ್ದು ಎರಡು ಗಂಟೆಗೆ. ಒಂದೂ ಇಪ್ಪತ್ತಕ್ಕೆ ಹೋದವನು ಬೆಂಕಿ ಹತ್ತುವ ಮೊದಲೇ ಹೋಗಿದ್ದಾನೆ, ಹಾಗಾದರೆ ಇದು ಅಜಾಗರೂಕತೆ ಇರಬಹುದು, ಕೊಲೆಯ ಪ್ರಯತ್ನವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕರೆದಾಗ ಬರಬೇಕು, ಊರು ಬಿಡಬಾರದು, ಈಗ ಹೋಗು ಎಂದು ಇಜಾಜನ ಚೀಲ ಅವನಿಗೆ ಕೊಟ್ಟಳು.

ಆಗ ಅರ್ಥ ತಲೆಗೆ ಇಳಿಯಿತು.

ಎರಡಕ್ಕೆ ಬೆಂಕಿ. ಎರಡೂ ಇಪ್ಪತ್ತಕ್ಕೆ ಗೇಟಿನಲ್ಲಿ ಪುಸ್ತಕ ತೆರೆದು, ನಿಧಾನವಾಗಿ, ಚಂದದ ಅಕ್ಷರದಲ್ಲಿ ಸಮಯ ಬರೆದವರು ಇಪ್ಪತ್ತು ನಿಮಿಷ ಎಲ್ಲಿದ್ದರು? ಮುಚ್ಚಿದ ಬಾಗಿಲ ಒಳಗೆ ವಸಿಷ್ಠ ಕೆಮ್ಮುತ್ತಿದ್ದಾಗ?

ಅವನು ನೇತ್ರಾಳ ಕಡೆ ತಿರುಗಿದ. ತುಟಿ ಅಲ್ಲಾಡಿತು. ಅವಳು ಕಾನ್‌ಸ್ಟೇಬಲ್ಲಿನೊಂದಿಗೆ ಮರಾಠಿಯಲ್ಲಿ ಮಾತಾಡುತ್ತ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಹಿರಿಯಣ್ಣ ಎದ್ದು ಬಂದು, ಮಸಿ ಹತ್ತಿದ ಕೈಯಿಂದಲೇ ಅವನ ತೋಳು ಹಿಡಿದರು.

"ಬಾರಯ್ಯ, ಆಸ್ಪತ್ರೆಗೆ ಹೋಗೋಣ. ಬೆಳಿಗ್ಗೆಯಿಂದ ನಿಮ್ಮ ಉಸ್ತಾದರು ಅಲ್ಲೇ ಇದ್ದಾರೆ. ನಿನ್ನ ಪರವಾಗಿ ಕ್ಷಮೆ ಕೇಳಕ್ಕೆ ಬಂದೆ ಅಂತ ಅತ್ತುಬಿಟ್ರು, ಪುಣ್ಯಾತ್ಮರು. ಡಾಕ್ಟರು ಒಬ್ಬರನ್ನ ಮಾತ್ರ ಒಳಗೆ ಬಿಡ್ತಾರೆ. ಬರೋವಾಗ ನನ್ನ ಪಾಸು ಅವರ ಕೈಗೇ ಕೊಟ್ಟು, ಹುಡುಗನ ಹತ್ರ ಕೂರಿಸಿ ಬಂದಿದೀನಿ."